ಬೈಸಿಕಲ್ಲು ಬೆಟ್ಟ ಹತ್ತಿದ ಕಥೆ

ಬೈಸಿಕಲ್ಲು ತುಳಿದವರಿಗೆಲ್ಲ ಒಂದು ಅನುಭವ ಸಮಾನವಾದುದು. ಸಮದಾರಿಯಲ್ಲಿ ಗಾಳಿಯಂತೆ ಸಾಗುತ್ತಿದ್ದ ವಾಹನ, ಏರು ಬಂದೊಡನೆ ಹಟಮಾರಿ ಎತ್ತಿನಂತೆ ಭಾರವಾಗುತ್ತದೆ. ಮೊದಲು ಉಸಿರು ಬಿಗಿಯುತ್ತದೆ. ಆಮೇಲೆ ಸೀಟಿನಿಂದೆದ್ದು ನಿಂತು ತುಳಿಯುವುದಾಗುತ್ತದೆ. ಕಡೆಗೆ, ಹಿಂದೆ ಮುಂದೆ ನೋಡಿ, ಪರಿಚಿತರು ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮೆಲ್ಲನೆ ಇಳಿದು ತಳ್ಳತೊಡಗುತ್ತೇವೆ. ಅಕಸ್ಮಾತ್ತಾಗಿ ಯಾರಾದರೂ ಎದುರಾದರೆ, ಚೈನು ಕಳಚಿತೆಂದು ಬಗ್ಗಿ ನೋಡುವ ನಟನೆಯನ್ನೂ ಮಾಡುವುದುಂಟು.

ಇಳಿದು ತಳ್ಳುವುದರಲ್ಲಿ ನಾಚಿಕೆಪಡುವಂಥದೇನಿದೆ? ಏರು ಎದುರಾದಾಗ ಸವಾರನು ತನ್ನ ತೊಡೆಯ ಬಲವನ್ನೇ ನಂಬಿ ಹೆಣಗಬೇಕೋ, ಅಥವಾ ಆ ಬಲಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಿಕೊಳ್ಳಬಹುದೋ? ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಫ್ರಾನ್ಸ್ ದೇಶದಲ್ಲಿ ಇದೇ ಪ್ರಶ್ನೆಯ ಮೇಲೆ 1902ರಿಂದ 1937ರವರೆಗೆ, ಮೂವತ್ತೈದು ವರ್ಷಗಳ ಕಾಲ, ವಾದ ನಡೆಯಿತು. ವೃತ್ತಪತ್ರಿಕೆಗಳಲ್ಲಿ ನಡೆಯಿತು, ಪರ್ವತದ ದಾರಿಗಳ ಮೇಲೆಯೂ ನಡೆಯಿತು. ಇಂದು ಅಂಗಡಿಯಲ್ಲಿ ಸಾಲಾಗಿ ನಿಂತಿರುವ ಗೇರಿನ ಬೈಸಿಕಲ್ಲುಗಳ ಹಿಂದೆ ಆ ವಾದದ ಚರಿತ್ರೆಯಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದಿಷ್ಟು ಲೆಕ್ಕ. ಲೆಕ್ಕವೆಂದು ಪುಟ ತಿರುವಬೇಡಿ. ಮೆಟ್ಟಲು ಹತ್ತಿದವರಿಗೆಲ್ಲ ತಿಳಿಯುವ ಲೆಕ್ಕವೇ ಇದು. ಬೈಸಿಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 22 ಹಲ್ಲು ಇವೆಯೆಂದುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡು ಸುತ್ತು ಬರುತ್ತದೆ. ಬೈಸಿಕಲ್ಲು ಸುಮಾರು 4.2 ಮೀಟರ್ ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಸುಖದ ಮಾತು. ಆದರೆ ದಾರಿ ನೂರಕ್ಕೆ ಎಂಟರಂತೆ ಏರುತ್ತಿದ್ದರೆ, ಅದೇ ಒಂದು ಸುತ್ತಿನಲ್ಲಿ ಸವಾರನೂ ಬೈಸಿಕಲ್ಲೂ ಸುಮಾರು 34 ಸೆಂಟಿಮೀಟರ್ ಮೇಲಕ್ಕೆ ಏರಬೇಕು. ಒಂದು ಸುತ್ತಿಗೆ ಎರಡು ತುಳಿತ. ಅಂದರೆ ಪ್ರತಿಯೊಂದು ತುಳಿತಕ್ಕೂ 17 ಸೆಂಟಿಮೀಟರ್. ನಮ್ಮ ಮನೆಯ ಮಹಡಿಯ ಒಂದು ಮೆಟ್ಟಲಿನಷ್ಟು. ಸವಾರ ಮತ್ತು ವಾಹನದ ತೂಕ ಸೇರಿ 85 ಕಿಲೋ ಇದ್ದರೆ, ಘರ್ಷಣೆ ಮತ್ತು ಎದುರುಗಾಳಿಗಳನ್ನು ಬಿಟ್ಟರೂ, ಪ್ರತಿ ತುಳಿತದಲ್ಲೂ ಪಾದದ ಮೇಲೆ ಸರಾಸರಿ ನಲವತ್ತು ಕಿಲೋವಿನಷ್ಟು ಒತ್ತಡ ಹಾಕಬೇಕಾಗುತ್ತದೆ. ಹಿಂದಿನ ಹಲ್ಲುಚಕ್ರವನ್ನು ದೊಡ್ಡದು ಮಾಡಿ, ಮುಂದಿನದೂ ಹಿಂದಿನದೂ ಸಮವಾಗುವಂತೆ ಮಾಡಿದರೆ, ಆ ಒತ್ತಡ ಅರ್ಧಕ್ಕರ್ಧ ಇಳಿಯುತ್ತದೆ. ಎರಡರಷ್ಟು ಸಲ ತುಳಿಯಬೇಕಾಗುತ್ತದೆ ನಿಜ. ಒಟ್ಟು ಕೆಲಸದಲ್ಲಿ ಉಳಿತಾಯವೇನೂ ಇಲ್ಲ. ಒಂದು ದೊಡ್ಡ ಹೊರೆಯನ್ನು ಎರಡು ಚಿಕ್ಕ ಹೊರೆಗಳಾಗಿ ಹೊತ್ತಂತೆ ಅಷ್ಟೆ. ಆದರೆ ಹೊರುವವನ ಬೆನ್ನಿಗೆ ಅದೇ ದೊಡ್ಡ ವ್ಯತ್ಯಾಸ. ಗೇರಿನ ಗುಟ್ಟೆಲ್ಲ ಇಷ್ಟೇ.

ಈ ಗುಟ್ಟನ್ನು ಜನಸಾಮಾನ್ಯರಿಗೆ ತಲುಪಿಸಬೇಕೆಂದು ಪಣತೊಟ್ಟವನು ಪಾಲ್ ದ ವಿವಿ ಎಂಬಾತ. 1853ರಲ್ಲಿ ಹುಟ್ಟಿದ ಈತ ಸಾಂತ್ ಎತಿಯೆನ್ ನಗರದಲ್ಲಿ ರೇಷ್ಮೆಯ ವ್ಯಾಪಾರ ಮಾಡಿಕೊಂಡಿದ್ದವನು. ಕಲ್ಲಿದ್ದಲಿಗೂ ಬಂದೂಕಿನ ತಯಾರಿಕೆಗೂ ರಿಬ್ಬನ್ ನೇಯ್ಗೆಗೂ ಹೆಸರಾದ ಊರು ಅದು. ಬೈಸಿಕಲ್ಲಿನ ಹುಚ್ಚು ಹಿಡಿದ ಮೇಲೆ ದ ವಿವಿ ರೇಷ್ಮೆಯನ್ನು ಬಿಟ್ಟು ಬೈಸಿಕಲ್ಲಿನ ವ್ಯಾಪಾರಕ್ಕಿಳಿದ. 1887ರಲ್ಲಿ ಬೈಸಿಕಲ್ಲಿಗಾಗಿಯೇ ಒಂದು ಪತ್ರಿಕೆಯನ್ನು ತೆಗೆದ. ಅದರಲ್ಲಿ ‘ವೆಲೋಸಿಯೋ’ ಎಂಬ ಹೆಸರಿನಿಂದ ಬರೆಯುತ್ತಿದ್ದ. ಮುಂದೆ ಆತನ ನಿಜನಾಮ ಮರೆಯಾಗಿ ಈ ಹೆಸರೇ ಉಳಿಯಿತು.

ಸಾಂತ್ ಎತಿಯೆನ್ ನಗರದಿಂದ ದಕ್ಷಿಣಕ್ಕೆ ಹೊರಟರೆ ಊರಿನ ಅಂಚಿನಲ್ಲೇ ಏರು ಮೊದಲಾಗುತ್ತದೆ. ಪೈನ್ ಮರದ ಕಾಡಿನ ನಡುವೆ ಹತ್ತು ಹನ್ನೆರಡು ಕಿಲೋಮೀಟರ್ ಏರಿ, 1161 ಮೀಟರ್ ಎತ್ತರದ ‘ಕೋಲ್ ದ ಲಾ ರೆಪುಬ್ಲೀಕ್’ ಎಂಬ ಕಣಿವೆಯ ನೆತ್ತಿಯನ್ನು ಮುಟ್ಟುತ್ತದೆ. ವೆಲೋಸಿಯೋವಿನ ಪ್ರಯೋಗಶಾಲೆ ಇದೇ. ಎಷ್ಟೋ ಬೆಳಗುಗಳಲ್ಲಿ, ಊರು ಎದ್ದು ಕೆಲಸಕ್ಕೆ ಹೊರಡುವ ಮುನ್ನ, ಆತ ಈ ಏರನ್ನು ಹತ್ತಿಳಿಯುತ್ತಿದ್ದ. ಒಂದು ದಿನ ಎರಡು ಚೈನಿನ ಬೈಸಿಕಲ್ಲು, ಮತ್ತೊಂದು ದಿನ ನಾಲ್ಕು ಗೇರಿನದು. ಯಾವುದು ಹಗುರ, ಯಾವುದು ಕಷ್ಟ ಎಂಬುದನ್ನು ಸ್ವಂತ ಕಾಲಿನಿಂದಲೇ ಅಳೆದು ಬರೆಯುತ್ತಿದ್ದ. ಆತ ಸಸ್ಯಾಹಾರಿ; ಮಿತಾಹಾರಿ. ಹಸಿವೆಯಾಗುವುದಕ್ಕೆ ಮೊದಲೇ ಸ್ವಲ್ಪ ತಿನ್ನಬೇಕು, ಬಾಯಾರುವುದಕ್ಕೆ ಮೊದಲೇ ಸ್ವಲ್ಪ ಕುಡಿಯಬೇಕು ಎಂದು ಮೊದಲುಗೊಂಡು ಸವಾರರಿಗೆ ಕೆಲವು ನಿಯಮಗಳನ್ನು ಮಾಡಿಕೊಟ್ಟಿದ್ದ. ಬರಿಯ ಪ್ರತಿಷ್ಠೆಗಾಗಿ ಎಂದೂ ತುಳಿಯಕೂಡದು ಎಂಬುದೂ ಅವುಗಳಲ್ಲೊಂದು. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದಕ್ಕೆ ಸಂಬಂಧಿಸಿದ್ದೇ.

1902ರ ಬೇಸಗೆಯಲ್ಲಿ ಫ್ರಾನ್ಸಿನ ಪ್ರವಾಸಿ ಸಂಘದವರು ಪಿರನೀಸ್ ಪರ್ವತಗಳಲ್ಲಿ ಬೈಸಿಕಲ್ಲುಗಳ ಒಂದು ಪರೀಕ್ಷೆಯನ್ನು ಏರ್ಪಡಿಸಿದರು. ಪರೀಕ್ಷೆ ಸವಾರರಿಗಲ್ಲ, ವಾಹನಗಳಿಗೆ. ಅದಕ್ಕಾಗಿ ಆರಿಸಿಕೊಂಡ ದಾರಿಯಲ್ಲಿ ‘ತೂರ್ಮಲೇ’ ಎಂಬ ಘಾಟಿಯಿತ್ತು. ಅದರ ಎತ್ತರ 2115 ಮೀಟರ್; ಕರ್ನಾಟಕದಲ್ಲೆಲ್ಲ ಎತ್ತರವಾದ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಮೇಲೆ. ಆ ಪರೀಕ್ಷೆಯಲ್ಲಿ ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಬೈಸಿಕಲ್ಲನ್ನೇರಿ ತೂರ್ಮಲೇ ಘಾಟಿಯನ್ನು ಹತ್ತಿದಳು. ಪಂದ್ಯಗಳಲ್ಲಿ ಹೆಸರು ಮಾಡಿದ ಗಂಡಾಳುಗಳು ಒಂದೇ ಗೇರಿನ ಬೈಸಿಕಲ್ಲಿನಲ್ಲಿ ಹೆಣಗಿದ ದಾರಿ ಅದು. ವೆಲೋಸಿಯೋವಿನ ಕಡೆಯವರಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿರಲಿಲ್ಲ.

ಆದರೆ ಪಾರಿಸಿನಲ್ಲಿ ಒಬ್ಬಾತನಿಗೆ ಇದು ರುಚಿಸಲಿಲ್ಲ. ಆತನೇ ಆನ್ರಿ ದೆಗ್ರಾಂಜ್. 1893ರಲ್ಲಿ ಒಂದು ಗಂಟೆಯ ಅವಧಿಯಲ್ಲಿ 35 ಕಿಲೋಮೀಟರಿಗೂ ಹೆಚ್ಚು ದೂರ ಸವಾರಿ ಮಾಡಿ ದಾಖಲೆ ಸ್ಥಾಪಿಸಿದ್ದವನು. ಈಗ ‘ಲೋಟೋ’ ಎಂಬ ಕ್ರೀಡಾಪತ್ರಿಕೆಯ ಸಂಪಾದಕನಾಗಿದ್ದವನು. ಗೇರು ನಲವತ್ತೈದು ದಾಟಿದವರಿಗೆ ಇರಲಿ. ಉಳಿದವರು ಯಂತ್ರದ ಕಪಟದಿಂದಲ್ಲ, ಸ್ನಾಯುಗಳ ಬಲದಿಂದ ಗೆಲ್ಲುವುದೇ ಲೇಸು ಎಂಬ ಧಾಟಿಯಲ್ಲಿ ಆತ ಬರೆದ. ಮರುವರ್ಷವೇ, 1903ರ ಜುಲೈ ಒಂದರಂದು, ಅದೇ ದೆಗ್ರಾಂಜ್ ತನ್ನ ಪತ್ರಿಕೆಯ ಮಾರಾಟವನ್ನು ಹೆಚ್ಚಿಸುವುದಕ್ಕಾಗಿ ಫ್ರಾನ್ಸ್ ದೇಶವನ್ನು ಸುತ್ತಿ ಬರುವ ಒಂದು ಬೈಸಿಕಲ್ ಪಂದ್ಯವನ್ನು ಆರಂಭಿಸಿದ. ಇಂದು ಜಗತ್ತೆಲ್ಲ ಬಲ್ಲ ‘ಟೂರ್ ದ ಫ್ರಾನ್ಸ್’ ಅದು. 60 ಮಂದಿ ಹೊರಟರು. 2428 ಕಿಲೋಮೀಟರ್ ಕ್ರಮಿಸಿ 21 ಮಂದಿ ಹಿಂತಿರುಗಿದರು. ಪತ್ರಿಕೆಯ ಮಾರಾಟ ದುಪ್ಪಟ್ಟಿಗೂ ಮಿಕ್ಕಿ ಏರಿತು.

ವಿಚಿತ್ರವೆಂದರೆ, ಆ ಮೊದಲ ವರ್ಷದ ಪಂದ್ಯ ವೆಲೋಸಿಯೋವಿನ ರೆಪುಬ್ಲೀಕ್ ಕಣಿವೆಯ ಮೇಲೆಯೇ ಹಾದುಹೋಯಿತು. ಗೇರಿನ ಪಕ್ಷಪಾತಿಯ ಅಂಗಳದಲ್ಲೇ ಒಂದೇ ಗೇರಿನ ಪಂದ್ಯ! 1905ರಲ್ಲಿ ದೆಗ್ರಾಂಜ್ ಇನ್ನೊಂದು ಹೆಜ್ಜೆ ಮುಂದಿಟ್ಟು, ವೋಜ್ ಪರ್ವತಗಳ ‘ಬಾಲೋಂ ದಾಲ್ಸಾಸ್’ ಎಂಬ 1178 ಮೀಟರ್ ಎತ್ತರದ ಏರನ್ನು ದಾರಿಯಲ್ಲಿ ಸೇರಿಸಿದ. ಬೈಸಿಕಲ್ಲಿನಿಂದ ಇಳಿಯದೆ ಯಾರೂ ಅದನ್ನು ಹತ್ತಲಾರರೆಂದು ಆತನಿಗೇ ಶಂಕೆಯಿತ್ತು. ರೆನೇ ಪೋತಿಯೇ ಎಂಬ ತರುಣ ಎಲ್ಲರಿಗಿಂತ ಮೊದಲು ನೆತ್ತಿಯನ್ನು ಸೇರಿದ. ಆದರೆ ಆ ಶ್ರಮಕ್ಕೆ ಕಾಲಿನ ನರ ಊದಿ ಮರುದಿನವೇ ಪಂದ್ಯವನ್ನು ಬಿಡಬೇಕಾಯಿತು. ಬೆಟ್ಟ ತಾನು ಕೊಟ್ಟದ್ದಕ್ಕೆ ಬೆಲೆಯನ್ನು ವಸೂಲು ಮಾಡುತ್ತದೆಂಬುದಕ್ಕೆ ಇದು ಮೊದಲ ಸೂಚನೆ. ಅದೇ ಪೋತಿಯೇ ಮರುವರ್ಷ ಪಂದ್ಯವನ್ನು ಗೆದ್ದ.

ಓದುಗರಿಗೆ ಬೆಟ್ಟದ ಸುದ್ದಿ ಹಿಡಿಸಿತು. ಸಮದಾರಿಯ ಪಂದ್ಯದಲ್ಲಿ ಯಾರು ಗೆದ್ದರೆಂಬುದಷ್ಟೇ ಸುದ್ದಿ. ಬೆಟ್ಟದ ಪಂದ್ಯದಲ್ಲಿ ಹೋದವರು ಹೇಗೆ ಬಂದರೆಂಬುದೂ ಸುದ್ದಿ. ಹೀಗಾಗಿ 1910ರಲ್ಲಿ ಲೋಟೋ ಪತ್ರಿಕೆಯ ಆಲ್ಫೋನ್ಸ್ ಸ್ಟೆನೆಸ್ ಎಂಬಾತ ಪಿರನೀಸ್ ಪರ್ವತಗಳನ್ನು ಪಂದ್ಯಕ್ಕೆ ಸೇರಿಸೋಣವೆಂದು ದೆಗ್ರಾಂಜನ ಬೆನ್ನು ಹತ್ತಿದ. ದಾರಿ ಹೇಗಿದೆಯೆಂದು ನೋಡಿಬರಲು ಆತನನ್ನೇ ಕಳುಹಿಸಲಾಯಿತು. ತೂರ್ಮಲೇ ಘಾಟಿಯ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ಕಾರು ಹಿಮದಲ್ಲಿ ಸಿಕ್ಕಿಕೊಂಡಿತು. ಸ್ಟೆನೆಸ್ ಕತ್ತಲಲ್ಲಿ ನಡೆದು, ಎಡವಿ ಬಿದ್ದು, ನಡುರಾತ್ರಿ ಕಳೆದ ಮೇಲೆ ಆಚೆ ಬದಿಯ ಬಾರೇಜ್ ಎಂಬ ಊರನ್ನು ಅರೆಜೀವವಾಗಿ ತಲುಪಿದ. ಬೆಳಗಾದ ಮೇಲೆ ಆತ ದೆಗ್ರಾಂಜನಿಗೆ ತಂತಿ ಕೊಟ್ಟ: ಘಾಟಿಯನ್ನು ದಾಟಿದ್ದಾಯಿತು, ದಾರಿ ಬಹಳ ಚೆನ್ನಾಗಿದೆ, ಅಡ್ಡಿಯೇನೂ ಇಲ್ಲ ಎಂಬುದು ಅದರ ಸಾರಾಂಶ! ತಂತಿ ಇಲಾಖೆಯ ಚರಿತ್ರೆಯಲ್ಲಿ ಇದಕ್ಕಿಂತ ಧೈರ್ಯದ ಸುಳ್ಳು ಹೆಚ್ಚಿರಲಾರದು. ನಗು ಬರುವ ಸಂಗತಿಯೇ. ಆದರೆ ಆ ಸುಳ್ಳಿನ ಮೇಲೆ ಬೈಸಿಕಲ್ಲು ತುಳಿಯಬೇಕಾದವರು ಬೇರೆಯವರು.

1910ರ ಜುಲೈ 21. ಲೂಶೋಂ ಎಂಬಲ್ಲಿಂದ ಬೇಯೋನ್ ಪಟ್ಟಣದವರೆಗೆ 326 ಕಿಲೋಮೀಟರ್. ಅಂದು ಹತ್ತಬೇಕಾದ ಘಾಟಿಗಳು ಒಂದರ ಹಿಂದೊಂದು: ಪೇರೆಸೂರ್ದ್, ಆಸ್ಪಾಂ, ತೂರ್ಮಲೇ, ಓಬಿಸ್ಕ್. ದಾರಿಗಳು ಈಗಿನಂತೆ ಟಾರು ಹಾಕಿದವಲ್ಲ. ಮಣ್ಣು ಮತ್ತು ಜಲ್ಲಿಕಲ್ಲಿನ ಗಾಡಿಜಾಡುಗಳು. ಸವಾರರು ಬೆಳಕು ಹರಿಯುವ ಮುನ್ನವೇ ಹೊರಟರು. ಸೋತು ಹಿಂದುಳಿದವರನ್ನು ಎತ್ತಿಕೊಂಡು ಬರಲು ಹಿಂದಿನಿಂದ ಒಂದು ಮೋಟಾರು ಗಾಡಿಯನ್ನು ಆ ವರ್ಷ ಮೊದಲ ಬಾರಿಗೆ ಬಿಟ್ಟರು. ಜನ ಅದನ್ನು ‘ಪೊರಕೆ ಗಾಡಿ’ ಎಂದು ಕರೆದರು. ಟೂರ್ ಪಂದ್ಯದಲ್ಲಿ ಇಂದಿಗೂ ಅದರ ಹೆಸರು ಅದೇ.

ತೂರ್ಮಲೇ ಘಾಟಿಯ ಪೂರ್ವದ ಏರು ಸಾಂತ್ ಮರೀ ದ ಕಾಂಪಾಂ ಎಂಬ ಹಳ್ಳಿಯಿಂದ ಮೊದಲಾಗುತ್ತದೆ. ಅಲ್ಲಿಂದ ನೆತ್ತಿಗೆ ಸುಮಾರು 17 ಕಿಲೋಮೀಟರ್ ದಾರಿ, ಸುಮಾರು 1270 ಮೀಟರ್ ಏರು. ನಾವು ಮೊದಲು ಮಾಡಿದ ಲೆಕ್ಕವನ್ನು ಇಲ್ಲಿಗೆ ಹಚ್ಚಿ ನೋಡಿ. ಆ ಗೇರಿನಲ್ಲಿ ತುಳಿದರೆ ಎಂಟು ಸಾವಿರಕ್ಕೂ ಮಿಕ್ಕ ತುಳಿತಗಳು. ಮೈಸೂರಿನ ಚಾಮುಂಡಿಬೆಟ್ಟದ ಸಾವಿರ ಮೆಟ್ಟಲುಗಳನ್ನು, ಬೈಸಿಕಲ್ಲನ್ನು ಹೆಗಲ ಮೇಲೆ ಹೊತ್ತು, ನಡುವೆ ಎಲ್ಲೂ ಕೂರದೆ ಎಂಟು ಬಾರಿ ಹತ್ತಿದಂತೆ ಇದು. ಮತ್ತು ಇದು ಅಂದಿನ ಒಂದು ಘಾಟಿ ಮಾತ್ರ.

ತೂರ್ಮಲೇ ನೆತ್ತಿಯನ್ನು ಮೊದಲು ಮುಟ್ಟಿದವನು ಓಕ್ತಾವ್ ಲಾಪೀಜ್. ಆತ ಮುಟ್ಟಿದ್ದು ಹೇಗೆ ಗೊತ್ತೆ? ಕಡಿದಾದ ಕಡೆಗಳಲ್ಲೆಲ್ಲ ಇಳಿದು, ಬೈಸಿಕಲ್ಲನ್ನು ತಳ್ಳಿಕೊಂಡು! ಆತನ ಹಿಂದೆ ಬಂದ ಗುಸ್ತಾವ್ ಗಾರಿಗೂ ಎಂಬಾತ ಒಂದು ಸಲವೂ ನೆಲಕ್ಕೆ ಕಾಲೂರದೆ ಹತ್ತಿದ. ಅದಕ್ಕಾಗಿ ಆತನಿಗೆ ನೂರು ಫ್ರಾಂಕುಗಳ ವಿಶೇಷ ಬಹುಮಾನ ದೊರೆಯಿತು. ಓಬಿಸ್ಕ್ ಘಾಟಿಯ ಮೇಲೆ ಪಂದ್ಯದ ಅಧಿಕಾರಿಗಳು ಸವಾರರ ದಾರಿ ಕಾಯುತ್ತಿದ್ದರು. ಗಳಿಗೆ ಗಳಿಗೆಗೂ ಅವರ ಆತಂಕ ಹೆಚ್ಚುತ್ತಿತ್ತು. ಕೊನೆಗೆ ಫ್ರಾನ್ಸ್ವಾ ಲಾಫುರ್ಕಾದ್ ಎಂಬ ಅಷ್ಟೇನೂ ಹೆಸರಿಲ್ಲದ ಸವಾರ ಬಂದ. ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವ ಶಕ್ತಿಯೂ ಇಲ್ಲದೆ ಸುಮ್ಮನೆ ಮುಂದೆ ಹೋದ. ಆಮೇಲೆ ಬಂದವನು ಲಾಪೀಜ್. ಆತ ಸುಮ್ಮನೆ ಹೋಗಲಿಲ್ಲ. ಅಧಿಕಾರಿಗಳತ್ತ ತಿರುಗಿ, ನೀವು ಕೊಲೆಗಡುಕರು ಎಂದು ಕೂಗಿದ. ದೆಗ್ರಾಂಜ್ ಅಲ್ಲಿರಲಿಲ್ಲ, ಅಂದಿನ ಉಸ್ತುವಾರಿಯನ್ನು ಬೇರೊಬ್ಬರಿಗೆ ಒಪ್ಪಿಸಿದ್ದ. ಲಾಪೀಜ್ ಹದಿನಾಲ್ಕು ಗಂಟೆಗೂ ಹೆಚ್ಚು ಕಾಲ ತುಳಿದು ಬೇಯೋನ್ ಸೇರಿ ಆ ದಿನವನ್ನು ಗೆದ್ದ; ಪಾರಿಸ್ ಸೇರಿ ಆ ವರ್ಷದ ಪಂದ್ಯವನ್ನೂ ಗೆದ್ದ. ಹೊರಟಿದ್ದ 110 ಮಂದಿಯಲ್ಲಿ ಕೊನೆ ಮುಟ್ಟಿದವರು 41.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಕಾಲೂರದೆ ಹತ್ತಿದ ಗಾರಿಗೂಗೆ ನೂರು ಫ್ರಾಂಕು ಬಂತು. ಇಳಿದು ತಳ್ಳಿದ ಲಾಪೀಜನಿಗೆ ಪಂದ್ಯವೇ ಬಂತು. ಇಳಿಯುವುದು ಸೋಲಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಪತ್ರಿಕೆಯ ವರ್ಣನೆಗಳಲ್ಲಿ ಮೆರೆದದ್ದು ಕಾಲೂರದ ಛಲ. ಮರುವರ್ಷ, 1911ರಲ್ಲಿ, ಆಲ್ಪ್ಸ್ ಪರ್ವತಗಳ ಗಾಲಿಬ್ಯೇ ಘಾಟಿ ಸೇರಿತು. ತೂರ್ಮಲೇಗಿಂತ 400 ಮೀಟರಿಗೂ ಮೇಲೆ. ಎಮೀಲ್ ಜೋರ್ಜೆ ಅದನ್ನು ಮೊದಲು ದಾಟಿದ. ಇಳಿಯದೆ ಹತ್ತಿದವರು ಆತನೂ ಸೇರಿ ಬೆರಳೆಣಿಕೆಯಷ್ಟು ಮಂದಿ. ದೆಗ್ರಾಂಜ್ ಆ ಘಾಟಿಯನ್ನು ಹಾಡಿ ಹೊಗಳಿ ಬರೆದ. ಹೊಗಳಿಕೆಗೆ ಬೇಕಾದ ಬೆವರು ಮಾತ್ರ ಸವಾರರದು.

ಗೇರಿನ ಮಾತೇನಾಯಿತು? ಪಂದ್ಯದ ಸವಾರರಿಗೆ ಇದ್ದ ಉಪಾಯ ಒಂದೇ. ಹಿಂದಿನ ಗಾಲಿಯ ಎರಡು ಬದಿಗೂ ಒಂದೊಂದು ಹಲ್ಲುಚಕ್ರ. ಒಂದು ಸಮದಾರಿಗೆ, ಇನ್ನೊಂದು ಏರಿಗೆ. ಬೆಟ್ಟದ ಬುಡದಲ್ಲಿ ಇಳಿದು, ಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿ, ತಿರುಪನ್ನು ಬಿಗಿದು ಹತ್ತಬೇಕು. ಮೇಲೆ ಹೋದ ಮೇಲೆ ಮತ್ತೆ ಅದೇ ಕೆಲಸ. ಮಳೆ, ಹಿಮ, ಮರಗಟ್ಟಿದ ಬೆರಳು — ಯಾವುದಿದ್ದರೂ ಇದು ತಪ್ಪದು. ಇಟಲಿಯಲ್ಲಿ ತೂಲಿಯೋ ಕಂಪಾನ್ಯೋಲೋ ಎಂಬ ಸವಾರ ಕ್ರೋಚೆ ದೌನೆ ಎಂಬ ಘಾಟಿಯ ಮೇಲೆ, ಹಿಮಗಟ್ಟಿದ ತಿರುಪನ್ನು ಬಿಚ್ಚಲಾರದೆ ಪಂದ್ಯ ಕಳೆದುಕೊಂಡನೆಂದು ಹೇಳುತ್ತಾರೆ. ಒಂದೇ ಒಂದು ಸನ್ನೆಯನ್ನು ತಿರುಗಿಸಿ ಗಾಲಿ ಬಿಚ್ಚುವ ಸಾಧನವನ್ನು ಆತ 1930ರ ಹೊತ್ತಿಗೆ ರೂಪಿಸಿದ. ಇಂದಿಗೂ ಅದು ಎಷ್ಟೋ ಬೈಸಿಕಲ್ಲುಗಳ ಗಾಲಿಯಲ್ಲಿದೆ.

ಅಂದಿನ ನಿಯಮಗಳು ಎಷ್ಟು ಕಠಿಣವಾಗಿದ್ದುವೆಂಬುದಕ್ಕೆ ಯೂಜೀನ್ ಕ್ರಿಸ್ತೋಫನ ಪ್ರಸಂಗವೊಂದೇ ಸಾಕು. 1913ರಲ್ಲಿ ಆತ ಮುಂಚೂಣಿಯಲ್ಲಿದ್ದ. ಪಂದ್ಯ ಗೆಲ್ಲುವ ಆಸೆ ಬಲವಾಗಿತ್ತು. ತೂರ್ಮಲೇ ಘಾಟಿಯನ್ನು ಇಳಿಯುವಾಗ ಬೈಸಿಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಬೇರೊಂದು ಬೈಸಿಕಲ್ಲು ತೆಗೆದುಕೊಳ್ಳುವಂತಿಲ್ಲ. ಯಾರ ನೆರವನ್ನೂ ಪಡೆಯುವಂತಿಲ್ಲ. ಆತ ಮುರಿದ ಬೈಸಿಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಮಿಕ್ಕ ದೂರ ನಡೆದ. ತನ್ನನ್ನು ದಾಟಿ ಹೋಗುವವರನ್ನು ನೋಡುತ್ತ ನಡೆದ. ಸಾಂತ್ ಮರೀ ದ ಕಾಂಪಾಂ ಹಳ್ಳಿಯಲ್ಲಿ ಒಂದು ಕಮ್ಮಾರಶಾಲೆ ಸಿಕ್ಕಿತು. ಅಧಿಕಾರಿಗಳು ಎದುರಿಗೆ ನಿಂತು ನೋಡುತ್ತಿರಲು, ಕುಲುಮೆಯ ಮುಂದೆ ತಾನೇ ಕೂತು ಕಬ್ಬಿಣ ಕಾಯಿಸಿ, ಬಡಿದು, ಫೋರ್ಕನ್ನು ಬೆಸೆದ. ಗಂಟೆಗಳೇ ಕಳೆದುಹೋದುವು. ಎರಡು ಕೈಯೂ ಕೆಲಸದಲ್ಲಿದ್ದುದರಿಂದ ತಿದಿಯೊತ್ತಲು ಅಲ್ಲಿದ್ದ ಒಬ್ಬ ಹುಡುಗನ ನೆರವು ಪಡೆದ. ಅದು ನಿಯಮಭಂಗವೆಂದು ಆತನ ಲೆಕ್ಕಕ್ಕೆ ದಂಡದ ನಿಮಿಷಗಳು ಬಿದ್ದುವು! ಇಷ್ಟಾದರೂ ಆತ ಬೈಸಿಕಲ್ಲನ್ನೇರಿ ಮುಂದಿನ ಘಾಟಿಗಳನ್ನು ಹತ್ತಿ, ಪಾರಿಸಿನಲ್ಲಿ ಏಳನೆಯವನಾಗಿ ಪಂದ್ಯವನ್ನು ಮುಗಿಸಿದ. ಆರು ವರ್ಷಗಳ ಮೇಲೆ, 1919ರಲ್ಲಿ, ಪಂದ್ಯದ ಮುಂದಾಳಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಬಂದಾಗ ಅದನ್ನು ಮೊದಲು ತೊಟ್ಟವನೂ ಕ್ರಿಸ್ತೋಫನೇ. ಆ ವರ್ಷವೂ ಗೆಲುವು ಹತ್ತಿರವಿದ್ದಾಗ ಫೋರ್ಕು ಮುರಿಯಿತು. ಟೂರ್ ಪಂದ್ಯವನ್ನು ಆತ ಎಂದೂ ಗೆಲ್ಲಲಿಲ್ಲ. ಆದರೆ ಅದೆಷ್ಟೋ ವಿಜೇತರ ಹೆಸರು ಮರೆತುಹೋಗಿರುವಾಗ, ಕುಲುಮೆಯ ಮುಂದೆ ಕೂತ ಈತನ ನೆನಪಿನ ಫಲಕ ಆ ಹಳ್ಳಿಯಲ್ಲಿ ಇಂದಿಗೂ ಇದೆ.

1914ರಿಂದ 1918ರವರೆಗಿನ ಮಹಾಯುದ್ಧ ಈ ಸವಾರರಲ್ಲಿ ಅನೇಕರನ್ನು ನುಂಗಿತು. 1910ರಲ್ಲಿ ಲಾಪೀಜನಿಗೆ ಪ್ರಬಲ ಎದುರಾಳಿಯಾಗಿದ್ದ ಫ್ರಾನ್ಸ್ವಾ ಫಾಬೆರ್ 1915ರಲ್ಲಿ ಮಡಿದ. ಲಾಪೀಜ್ ವಿಮಾನದ ಯೋಧನಾಗಿ 1917ರ ಜುಲೈ 14ರಂದು ಆಕಾಶದಲ್ಲಿ ಹತನಾದ. ಬೆಟ್ಟದ ಮೇಲೆ ಕೊಲೆಗಡುಕರೆಂದು ಕೂಗಿದವನ ಬಾಳು ಬೆಟ್ಟಕ್ಕಿಂತ ಎಷ್ಟೋ ಕ್ರೂರವಾದ ಕಡೆ ಮುಗಿಯಿತು.

ಇತ್ತ ವೆಲೋಸಿಯೋ ವಾದವನ್ನು ಬಿಡಲಿಲ್ಲ; ಬೆಟ್ಟವನ್ನೂ ಬಿಡಲಿಲ್ಲ. ಪಂದ್ಯದವರು ಗೇರನ್ನು ತಿರಸ್ಕರಿಸುತ್ತಿದ್ದ ಕಾಲದಲ್ಲೇ ಸಾಂತ್ ಎತಿಯೆನ್ ಕಡೆಯ ಸಾಮಾನ್ಯ ಸವಾರರು — ನಡುವಯಸ್ಸಿನವರು, ಹೆಂಗಸರು, ರಜಾದಿನದ ಪ್ರವಾಸಿಗಳು — ಗೇರಿನ ಬೈಸಿಕಲ್ಲಿನಲ್ಲಿ ಆಲ್ಪ್ಸ್ ಪರ್ವತದ ದಾರಿಗಳನ್ನು ಸಂತೋಷದಿಂದ ಸುತ್ತಿ ಬರುತ್ತಿದ್ದರು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಇದೇ. ಸಾಮಾನ್ಯವಾಗಿ ಹೊಸ ಯಂತ್ರ ವೀರರಿಗೆ ಮೊದಲು, ಜನರಿಗೆ ಆಮೇಲೆ ದೊರೆಯುತ್ತದೆ. ಗೇರಿನ ವಿಷಯದಲ್ಲಿ ತಿರುವುಮುರುವಾಯಿತು. ಜನರು ಬೆಟ್ಟವನ್ನು ಸುಖವಾಗಿ ಹತ್ತುತ್ತಿದ್ದರು; ವೀರರು ನಿಯಮಕ್ಕೆ ಕಟ್ಟುಬಿದ್ದು ಗಾಲಿ ಬಿಚ್ಚುತ್ತಿದ್ದರು. 1922ರಿಂದ ವೆಲೋಸಿಯೋವಿನ ಗೌರವಾರ್ಥವಾಗಿ ರೆಪುಬ್ಲೀಕ್ ಕಣಿವೆಯನ್ನು ಹತ್ತುವ ಒಂದು ಉತ್ಸವ ಆರಂಭವಾಯಿತು. 1930ರಲ್ಲಿ ವೆಲೋಸಿಯೋ ಟ್ರಾಂ ಗಾಡಿ ಬಡಿದು ತೀರಿಕೊಂಡ. ಅಂದಿಗೂ ಟೂರ್ ಪಂದ್ಯದ ಬಾಗಿಲು ಆತನ ಯಂತ್ರಕ್ಕೆ ತೆರೆದಿರಲಿಲ್ಲ.

1937ರಲ್ಲಿ ಆ ಬಾಗಿಲು ತೆರೆಯಿತು. ದೆಗ್ರಾಂಜನ ಆರೋಗ್ಯ ಕೆಟ್ಟು ಪಂದ್ಯದ ಆಡಳಿತ ಬೇರೆಯವರ ಕೈಗೆ ಬಂದಿತ್ತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಯಂತ್ರಕ್ಕೆ ಆ ವರ್ಷ ಒಪ್ಪಿಗೆ ದೊರೆಯಿತು. ರೋಜೇ ಲಾಪೆಬಿ ಅದರ ನೆರವಿನಿಂದ ಗೆದ್ದ. ಪಂದ್ಯ ಹಾಳಾಯಿತೇ? ಇಲ್ಲ. ಬೆಟ್ಟ ಸಣ್ಣದಾಯಿತೇ? ಅದೂ ಇಲ್ಲ. ಸವಾರರು ಮೊದಲಿಗಿಂತ ವೇಗವಾಗಿ ಹತ್ತಿದರು. ದಣಿವು ಮಾತ್ರ ಅಷ್ಟೇ ಇತ್ತು. ದೆಗ್ರಾಂಜ್ 1940ರಲ್ಲಿ ತೀರಿಕೊಂಡ.

ಆ ಹೊತ್ತಿಗೆ ಬೆಟ್ಟದ ಸುದ್ದಿಯನ್ನು ಹೇಳಲು ವೃತ್ತಪತ್ರಿಕೆಯ ಜೊತೆಗೆ ರೇಡಿಯೋ ಬಂದಿತ್ತು. 1930ರ ದಶಕದಲ್ಲಿ ಫ್ರಾನ್ಸಿನ ಮನೆಮನೆಯವರು ಘಾಟಿಯ ಮೇಲಿನ ಗದ್ದಲವನ್ನು ಪೆಟ್ಟಿಗೆಯ ಮುಂದೆ ಕೂತು ಕೇಳುವಂತಾಯಿತು. ಆ ಕೆಲಸಕ್ಕೂ ಬೆಟ್ಟ ಬೆಲೆ ಕೇಳಿತು. ರೇಡಿಯೋ ವರದಿಗಾರ ಅಲೆಕ್ಸ್ ವಿರೋ ಮತ್ತು ಆತನ ಮೋಟಾರ್ ಸೈಕಲ್ಲಿನ ಚಾಲಕ 1957ರ ಪಂದ್ಯದಲ್ಲಿ ಕಮರಿಗೆ ಬಿದ್ದು ಮಡಿದರು.

ಗೇರು ಬಂದ ಮೇಲೆ ಹೊಸ ಹೊಸ ಏರುಗಳು ಸೇರುತ್ತ ಹೋದುವು. 1952ರಲ್ಲಿ ಆಲ್ಪ್ ದ್ಯುಯೆಜ್. ಅದರ 21 ತಿರುವುಗಳನ್ನು ಮೊದಲು ಗೆದ್ದವನು ಇಟಲಿಯ ಫೌಸ್ತೋ ಕೋಪಿ. 1953ರಲ್ಲಿ ಇಟಲಿಯ ಪಂದ್ಯದಲ್ಲಿ 2758 ಮೀಟರ್ ಎತ್ತರದ ಸ್ಟೆಲ್ವಿಯೋ, ಅಲ್ಲಿಯೂ ಕೋಪಿಯೇ. 1999ರಲ್ಲಿ ಸ್ಪೇನಿನ ಆಂಗ್ಲಿರೂ; ಅದರ ಒಂದು ಭಾಗದಲ್ಲಿ ದಾರಿ ನೂರಕ್ಕೆ ಇಪ್ಪತ್ತಮೂರಕ್ಕೂ ಮಿಕ್ಕಿ ನಿಲ್ಲುತ್ತದೆ. ಯಂತ್ರ ಸುಧಾರಿಸಿದಷ್ಟೂ ಇನ್ನೂ ಕಡಿದಾದುದನ್ನು ಹುಡುಕುವುದು ಮನುಷ್ಯನ ಸ್ವಭಾವವೋ ಏನೋ.

ಈ ಹುಡುಕಾಟದ ಕತ್ತಲ ಬದಿಯನ್ನೂ ಹೇಳಬೇಕು. ದಕ್ಷಿಣ ಫ್ರಾನ್ಸಿನಲ್ಲಿ ಮಾಂ ವಾಂತು ಎಂಬ ಬೋಳುಗುಡ್ಡವಿದೆ; ಎತ್ತರ 1909 ಮೀಟರ್. ತುದಿಯಲ್ಲಿ ಮರದ ನೆರಳಿಲ್ಲ, ಬರಿಯ ಬಿಳಿಯ ಕಲ್ಲು. 1967ರ ಜುಲೈ 13ರಂದು, ಉರಿಬಿಸಿಲಿನಲ್ಲಿ, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ನೆತ್ತಿಗೆ ಇನ್ನು ಕೊಂಚವೇ ದೂರವಿರುವಾಗ ತೂರಾಡಿ ಬಿದ್ದ. ಮತ್ತೆ ಎತ್ತಿ ಕೂರಿಸಿದರು. ಮತ್ತೆ ಬಿದ್ದವನು ಏಳಲಿಲ್ಲ. ವಯಸ್ಸು 29. ಬಿಸಿಲು ಮತ್ತು ದಣಿವಿನೊಡನೆ ಉತ್ತೇಜಕ ಮದ್ದೂ ಆತನ ದೇಹದಲ್ಲಿತ್ತೆಂದು ಪರೀಕ್ಷೆಯಿಂದ ತಿಳಿಯಿತು. ದೇಹ ದಣಿದಾಗ ನಿಲ್ಲು ಎಂದು ಹೇಳುತ್ತದೆ. ಆ ಮಾತನ್ನು ಕೇಳಿಸದಂತೆ ಮಾಡುವುದೇ ಆ ಮದ್ದಿನ ಕೆಲಸ. ಯಂತ್ರದ ನೆರವನ್ನು ಕಪಟವೆಂದು ಕರೆದ ಪಂದ್ಯದಲ್ಲಿ ಮದ್ದಿನ ಕಪಟ ಹೀಗೆ ಒಳಗೆ ಸೇರಿಕೊಂಡಿತ್ತು. ಪ್ರತಿಷ್ಠೆಗಾಗಿ ತುಳಿಯಬೇಡವೆಂದ ವೆಲೋಸಿಯೋವಿನ ಮಾತು ಎಷ್ಟು ದೂರ ನೋಡಿದ ಮಾತು ಎಂಬುದು ಇಲ್ಲಿ ಅರ್ಥವಾಗುತ್ತದೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಬೇಕಾಗಿಲ್ಲ. 1902ರಲ್ಲಿ ಮಾರ್ತ್ ಹೆಸ್ ಏರಿದ ತೂರ್ಮಲೇ ಘಾಟಿಯ ನೆತ್ತಿಯಲ್ಲಿ, 121 ವರ್ಷಗಳ ಮೇಲೆ, 2023ರ ಜುಲೈ ತಿಂಗಳಿನಲ್ಲಿ, ಮಹಿಳೆಯರ ಟೂರ್ ಪಂದ್ಯದ ಒಂದು ದಿನದ ಓಟ ಮುಕ್ತಾಯವಾಯಿತು. ಡಚ್ ದೇಶದ ಡೆಮಿ ಫೊಲರಿಂಗ್ ಮಂಜು ಕವಿದ ಆ ದಾರಿಯಲ್ಲಿ ಒಬ್ಬಳೇ ಮುಂದಾಗಿ ಬಂದು ಗೆದ್ದಳು. ಆಕೆಯ ಬೈಸಿಕಲ್ಲಿನಲ್ಲಿ ಗೇರುಗಳಿದ್ದುವು. ಅದನ್ನು ಯಾರೂ ಕಪಟವೆನ್ನಲಿಲ್ಲ.

ನಮ್ಮಲ್ಲಿಯೂ ಈಗ ಬೆಟ್ಟ ಹತ್ತುವ ಸವಾರರಿಗೆ ಕೊರತೆಯಿಲ್ಲ. ಬೆಂಗಳೂರಿನವರು ರಜೆಯ ದಿನ ನಸುಕಿನಲ್ಲೆದ್ದು, ಗೇರಿನ ಬೈಸಿಕಲ್ಲುಗಳನ್ನೇರಿ 1478 ಮೀಟರ್ ಎತ್ತರದ ನಂದಿಬೆಟ್ಟದ ತಿರುವುಗಳನ್ನು ಹತ್ತುತ್ತಾರೆ. ನಮ್ಮ ನಾಡಿನಿಂದ ನೀಲಗಿರಿಗೆ ಹೋಗಿಬರುವ ದೊಡ್ಡ ಬೈಸಿಕಲ್ ಯಾತ್ರೆಯೊಂದು 2008ರಲ್ಲಿ ಆರಂಭವಾಯಿತು. ಊಟಿಗೆ ಏರುವ ಕಲ್ಲಟ್ಟಿ ಘಾಟಿಯ 36 ತಿರುವುಗಳು ಅದರಲ್ಲಿ ಹೆಸರುವಾಸಿ. ಅಲ್ಲಿ ಕೆಲವರು ಇಳಿಯದೆ ಹತ್ತುತ್ತಾರೆ. ಕೆಲವರು ಇಳಿದು ತಳ್ಳುತ್ತಾರೆ. ಮೇಲೆ ನಿಂತು ಕಣಿವೆಯನ್ನು ನೋಡುವಾಗ ಇಬ್ಬರ ಮುಖಕ್ಕೂ ಬೀಸುವ ಗಾಳಿ ಒಂದೇ.

ಆದ್ದರಿಂದ ಮುಂದಿನ ಸಲ ನಿಮ್ಮ ಊರಿನ ಏರಿನಲ್ಲಿ ಬೈಸಿಕಲ್ಲು ಭಾರವಾದಾಗ ಗೇರಿದ್ದರೆ ಧಾರಾಳವಾಗಿ ಬದಲಾಯಿಸಿ. ಇಲ್ಲದಿದ್ದರೆ ಇಳಿದು ತಳ್ಳಿ. ಹಿಂದೆ ಮುಂದೆ ನೋಡಬೇಕಾಗಿಲ್ಲ. ಚೈನು ಕಳಚಿತೆಂದು ಬಗ್ಗಬೇಕಾಗಿಯೂ ಇಲ್ಲ. ಯಾರಾದರೂ ನಕ್ಕರೆ, ತೂರ್ಮಲೇ ಘಾಟಿಯನ್ನು ಪಂದ್ಯದಲ್ಲಿ ಮೊತ್ತಮೊದಲು ದಾಟಿದ ಲಾಪೀಜನೂ ಹೀಗೆಯೇ ತಳ್ಳಿಕೊಂಡು ಹೋದನೆಂದು ಹೇಳಿ.